ನಾಯಿ ಹೋಯಿತು, ಬೋನು ಇಡಿಸಬೇಕೇ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ತುಮಕೂರಿನ ಬಾಡಿಗೆ ಮನೆ ಬಿಟ್ಟು, ದೇವರಾಯನದುರ್ಗದ ತಪ್ಪಲಲ್ಲಿ, ಊರ್ಡಿಗೆರೆ ಕಡೆಯ ನಮ್ಮ ಎರಡೆಕರೆ ಜಮೀನಿನಲ್ಲಿ ಮನೆ ಕಟ್ಟಿಕೊಂಡು ನಾನು, ನನ್ನ ಹೆಂಡತಿ ಇಬ್ಬರೇ ಇದ್ದೇವೆ. ತೆಂಗು, ಮಾವು, ಒಂದು ಹಸು, ನಾಲ್ಕು ಕೋಳಿ. ಕಳೆದ ತಿಂಗಳು ರಾತ್ರಿ ಎರಡೂವರೆಗೆ ಸಿಸಿ ಕ್ಯಾಮೆರಾದಲ್ಲಿ ಚಿರತೆ ಕಾಣಿಸಿತು. ಹಸುವಿನ ತೊಟ್ಟಿಯಲ್ಲಿ ನೀರು ಕುಡಿದು, ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತು ಹೋಯಿತು. ಆಮೇಲೆ ಹತ್ತೇ ದಿನಕ್ಕೆ, ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ್ದ ನಾಯಿ ಇಲ್ಲ. ಹರಿದ ಕೊರಳಪಟ್ಟಿ, ಮಣ್ಣಿನಲ್ಲಿ ಎಳೆದುಕೊಂಡು ಹೋದ ಗುರುತು ಮಾತ್ರ. ನಾಯಿ ತಿಂದದ್ದು ನಾಳೆ ಮನುಷ್ಯರನ್ನೂ ತಿನ್ನುತ್ತೆ, ಎಲ್ಲರೂ ಸಹಿ ಹಾಕಿ ಬೋನು ಇಡಿಸೋಣ ಅಂತ ಪಕ್ಕದ ತೋಟದವರು ಅರ್ಜಿ ಹಿಡಿದು ಓಡಾಡುತ್ತಿದ್ದಾರೆ. ಹೆಬ್ಬೂರು ಕಡೆ ಮಕ್ಕಳನ್ನು ಹೊತ್ತೊಯ್ದದ್ದು ಮರೆತಿರಾ ಅಂತ ಕೇಳುತ್ತಾರೆ. ಬೇಸಿಗೆ ರಜೆಗೆ ಮೊಮ್ಮಗ ಬರುತ್ತಾನೆ. ಮಗ ಜಮೀನು ಮಾರಿ ಬೆಂಗಳೂರಿಗೆ ಬನ್ನಿ ಅನ್ನುತ್ತಿದ್ದಾನೆ. ನಾನು ಐದು ಗಂಟೆಗೆ ಎದ್ದು ಕೆರೆ ಏರಿ ಮೇಲೆ ವಾಕಿಂಗ್ ಹೋಗುವವನು, ಈಗ ನಿಲ್ಲಿಸಿದ್ದೇನೆ. ಅರ್ಜಿಗೆ ಸಹಿ ಹಾಕಲೇ? ಬಂದೂಕಿನ ಲೈಸೆನ್ಸ್‌ಗೆ ಪ್ರಯತ್ನಿಸಲೇ? (ಅಂದಹಾಗೆ, ಎರಡು ಸಲ ಮೋಟಾರ್ ಶೆಡ್‌ನಲ್ಲಿ ನಾಗರಹಾವು ಕಂಡಿದೆ. ಅದನ್ನು ಹೋಗಲಿ ಅಂತ ಬಿಟ್ಟಿದ್ದೇವೆ.)

ಉತ್ತರ: ಮೇಷ್ಟ್ರೇ, ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ. ಅರ್ಜಿಗೆ ಸದ್ಯಕ್ಕೆ ಸಹಿ ಹಾಕಬೇಡಿ. ಬಂದೂಕಿನ ಯೋಚನೆ ಬಿಡಿ. ಚಿರತೆಯ ಕಾರಣಕ್ಕೆ ಜಮೀನು ಮಾರಬೇಕಿಲ್ಲ. ಆದರೆ ನಿಮ್ಮ ಅಂಗಳವನ್ನು ಈ ವಾರವೇ ಬದಲಾಯಿಸಬೇಕು. ಇನ್ನೊಂದು ಮಾತು: ಕಂಸದೊಳಗೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ನಾಗರಹಾವಿನ ವಿಷಯವೇ ನನಗೆ ಚಿರತೆಗಿಂತ ಹೆಚ್ಚು ಚಿಂತೆಯದು. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಕಳಿಸಿದ ಫೋಟೊ ನೋಡಿದೆ. ತೊಟ್ಟಿಯ ಪಕ್ಕದ ಹಸಿ ಮಣ್ಣಿನಲ್ಲಿ ನಾಲ್ಕು ಬೆರಳಿನ ದುಂಡನೆಯ ಗುರುತು. ಬೆರಳ ತುದಿಯಲ್ಲಿ ಉಗುರಿನ ಗೀರಿಲ್ಲ. ನಾಯಿಯದಾಗಿದ್ದರೆ ಉಗುರಿನ ಚುಕ್ಕೆ ಬೀಳುತ್ತಿತ್ತು. ಚಿರತೆ ನಡೆಯುವಾಗ ಉಗುರು ಒಳಗೆಳೆದುಕೊಂಡಿರುತ್ತದೆ. ಅದು ಚಿರತೆಯೇ, ಅನುಮಾನ ಬೇಡ. ವಿಡಿಯೋದಲ್ಲಿ ಅದು ನೀರು ಕುಡಿದ ಮೇಲೆ ಕ್ಯಾಮೆರಾದ ಕಡೆ ಒಮ್ಮೆ ನೋಡಿ, ಮನೆ ಬಾಗಿಲಿನ ಕಡೆ ಬೆನ್ನು ಹಾಕಿ, ನಾಯಿ ಕಟ್ಟಿದ್ದ ಮೂಲೆಯತ್ತ ಮುಖ ಮಾಡಿ ಕೂತಿದೆ. ಅವತ್ತು ಅದರ ಲಕ್ಷ್ಯವೆಲ್ಲ ನಾಯಿಯ ಮೇಲೆ. ಮನೆಯೊಳಗೆ ಮಲಗಿದ್ದ ನಿಮ್ಮ ಗೊಡವೆ ಅದಕ್ಕೆ ಇರಲಿಲ್ಲ.

ಈ ಚಿರತೆ ಎಲ್ಲಿಂದಲೋ ದಾರಿ ತಪ್ಪಿ ಬಂದದ್ದಲ್ಲ. ನೀವು ಮನೆ ಕಟ್ಟುವ ಮೊದಲೂ ಅದು, ಇಲ್ಲವೇ ಅದರ ತಾಯಿ, ಅದೇ ದಾರಿಯಲ್ಲಿ ಓಡಾಡಿಕೊಂಡಿತ್ತು. ಕ್ಯಾಮೆರಾ ಹಾಕಿಸಿದ್ದಕ್ಕೆ ಈಗ ಕಂಡಿದೆ. ದೇವರಾಯನದುರ್ಗ, ಸಿದ್ಧರಬೆಟ್ಟ, ಕೊರಟಗೆರೆ, ಮಧುಗಿರಿಯ ಕಡೆಯ ಗುಡ್ಡಗಳೆಲ್ಲ ಬಂಡೆ, ಗವಿ, ಲಂಟಾನದ ಪೊದೆ. ಹಗಲೆಲ್ಲ ಮಲಗಲು ಚಿರತೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಗುಡ್ಡದ ಬುಡದಲ್ಲಿ ನೀಲಗಿರಿ ತೋಪು, ಅಡಿಕೆ ತೋಟ, ಕೆರೆಯಂಗಳದ ಜೊಂಡು ಇವೆ. ರಾತ್ರಿ ಮರೆಯಲ್ಲಿ ಇಳಿದು ಬರಲು ಅಷ್ಟು ಸಾಕು. ಜಿಂಕೆ, ಕಾಡುಹಂದಿ, ಮೊಲ ಸಿಕ್ಕಿದರೆ ಸರಿ, ಸಿಗದಿದ್ದರೆ ಊರಂಚಿನ ಬೀದಿನಾಯಿ. ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ, ಕಾಡೇ ಇಲ್ಲದ ಕಬ್ಬಿನ ಸೀಮೆಯಲ್ಲಿ, ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತು ಅವರ ಜೊತೆಗಾರರು ಚಿರತೆಯ ಹಿಕ್ಕೆ ಪರೀಕ್ಷಿಸಿ ನೋಡಿದರು. ತಿಂದ ಮಾಂಸದ ತೂಕದಲ್ಲಿ ಶೇ. 87ರಷ್ಟು ಸಾಕುಪ್ರಾಣಿಗಳದ್ದು, ಅದರಲ್ಲಿ ನಾಯಿಯ ಪಾಲೇ ಶೇ. 39. ಎಂದರೆ ನಾಯಿ ಹಿಡಿಯುವುದು ಚಿರತೆಯ ದಿನನಿತ್ಯದ ಊಟ. ಅದು ಮನುಷ್ಯರ ಕಡೆ ತಿರುಗುವ ಸೂಚನೆಯಲ್ಲ. ಹಾಗಾಗಿದ್ದರೆ ಅಕೋಲೆಯ ಕಬ್ಬಿನ ಗದ್ದೆಗಳಲ್ಲಿ ಜನ ಬದುಕುವುದೇ ಆಗುತ್ತಿರಲಿಲ್ಲ.

ದೇಶದ ಚಿರತೆಗಳ ಬಗ್ಗೆ ಕೇಂದ್ರ ಸರ್ಕಾರ 2024ರಲ್ಲಿ ಹೊರತಂದ ವರದಿಯಲ್ಲಿ ಕರ್ನಾಟಕಕ್ಕೆ 1,879 ಅಂತ ಅಂದಾಜಿದೆ. ಅದು ಮುಖ್ಯವಾಗಿ ಹುಲಿ ಇರುವ ರಾಜ್ಯಗಳ ಕಾಡುಗಳಲ್ಲಿ ಮಾಡಿದ ಗಣತಿ. ನಮ್ಮಂಥ ಬಯಲುಸೀಮೆಯ ಬಂಡೆಗುಡ್ಡಗಳಲ್ಲಿ, ತೋಟಗಳ ಅಂಚಿನಲ್ಲಿ ಸದ್ದಿಲ್ಲದೆ ಬದುಕಿರುವ ಚಿರತೆಗಳ ಪೂರ್ತಿ ಲೆಕ್ಕ ಅದರಲ್ಲಿ ಸಿಗುವುದಿಲ್ಲ.

ಇನ್ನು ಹೆಬ್ಬೂರು ಕಡೆಯ ಮಾತು. ಅದನ್ನು ಕಟ್ಟುಕಥೆ ಅಂತ ತಳ್ಳಿಹಾಕುವ ಹಾಗಿಲ್ಲ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಕುಣಿಗಲ್, ಗುಬ್ಬಿ, ತುಮಕೂರು ತಾಲ್ಲೂಕುಗಳು ಸೇರುವ ಹಳ್ಳಿಗಳಲ್ಲಿ ಚಿರತೆ ದಾಳಿಗೆ ವಯಸ್ಸಾದವರೂ ಪುಟ್ಟ ಮಕ್ಕಳೂ ಸತ್ತರು. ಆ ಮನೆಗಳ ನೋವನ್ನು ಯಾವ ಅಂಕಿಅಂಶವೂ ಚಿಕ್ಕದು ಮಾಡುವುದಿಲ್ಲ. ಮನುಷ್ಯರ ಮೇಲೆ ಬೀಳುವ ಚಿರತೆ ಉಂಟು. ಅಂಥದ್ದು ಒಂದು ಕಡೆ ಕಂಡುಬಂದರೆ ಬೋನು ಇಡಲೇಬೇಕು, ಅದನ್ನು ಹಿಡಿಯಲೇಬೇಕು, ಆ ವಿಷಯದಲ್ಲಿ ನಾನು ಊರಿನವರ ಪರ. ಆದರೆ ಆ ಚಿರತೆಗೂ, ಸರಪಳಿಗೆ ಕಟ್ಟಿದ ನಾಯಿ ಹಿಡಿದ ಈ ಚಿರತೆಗೂ ವ್ಯತ್ಯಾಸವಿದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ನಿಜವಾಗಿ ಅಪಾಯ ಬಂದ ದಿನ ಇಲಾಖೆಯವರಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ.

ಬೋನು ಬೇಡ ಅಂತ ಯಾಕೆ ಹೇಳುತ್ತೇನೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಊರಿನವರಿಗೆ ನೀವೇ ಉತ್ತರ ಕೊಡಬೇಕಾಗುತ್ತದೆ.

ಬೋನಿಗೆ ಬಿದ್ದ ಚಿರತೆಗಳಿಗೆ ಪಶುವೈದ್ಯನಾಗಿ ಚಿಕಿತ್ಸೆ ಮಾಡಿದ್ದೇನೆ. ರಾತ್ರಿಯೆಲ್ಲ ಅದು ಕಬ್ಬಿಣದ ಸರಳು ಕಚ್ಚುತ್ತದೆ, ತಲೆ ಕೊಟ್ಟು ಗುದ್ದುತ್ತದೆ. ಬೆಳಗ್ಗೆ ನೋಡಿದರೆ ಹಣೆಯ ಚರ್ಮ ಸುಲಿದು ಕೆಂಪಾಗಿರುತ್ತದೆ, ಮುಂಗಾಲಿನ ಉಗುರು ಕಿತ್ತು ನೇತಾಡುತ್ತಿರುತ್ತದೆ. ಎಷ್ಟೋ ಸಲ ಕೋರೆಹಲ್ಲು ಬುಡದಲ್ಲೇ ಮುರಿದು, ಒಳಗಿನ ನರ ಕಾಣುತ್ತಿರುತ್ತದೆ. ಚಿರತೆ ಬೇಟೆಯ ಕುತ್ತಿಗೆ ಹಿಡಿದು ಉಸಿರುಗಟ್ಟಿಸುವುದು ಆ ಕೋರೆಹಲ್ಲಿನಿಂದಲೇ. ಹಲ್ಲು ಮುರಿದ ಚಿರತೆಯನ್ನು ತೆಗೆದುಕೊಂಡು ಹೋಗಿ ಗೊತ್ತಿಲ್ಲದ ಕಾಡಿಗೆ ಬಿಟ್ಟರೆ ಅದಕ್ಕೆ ಜಿಂಕೆ ಹಿಡಿಯುವ ಶಕ್ತಿ ಇರುವುದಿಲ್ಲ. ನೀರೆಲ್ಲಿ, ಮರೆ ಎಲ್ಲಿ ಎಂಬುದೂ ತಿಳಿಯದು. ಅಲ್ಲಿ ಮೊದಲೇ ಇರುವ ಚಿರತೆ ಓಡಿಸುತ್ತದೆ. ಹಸಿದು, ಗಾಬರಿಯಾಗಿ, ಹತ್ತಿರದ ಊರಿನ ಕಡೆ ಬರುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ನಿಮ್ಮ ಊರಿನಿಂದ ಹೊರಟ ಅಪಾಯ ಇನ್ನೊಂದು ಊರಿನ ಮಕ್ಕಳ ಹತ್ತಿರ ಹೋಯಿತು, ಅಷ್ಟೇ.

ಇದು ಊಹೆಯಲ್ಲ. ಮಹಾರಾಷ್ಟ್ರದ ಜುನ್ನರ್‌ನಲ್ಲಿ 2001ರಿಂದ ಚಿರತೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಹಿಡಿದು ಕಾಡಿಗೆ ಬಿಟ್ಟರು. ಮೊದಲು ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ, ಹಿಡಿದು ಬಿಡುವ ಕೆಲಸ ಶುರುವಾದ ಮೇಲೆ 17ಕ್ಕೆ ಏರಿತು. ಅದೇ ರಾಜ್ಯದಲ್ಲಿ 2009ರಲ್ಲಿ ಬಾವಿಗೆ ಬಿದ್ದ ಗಂಡು ಚಿರತೆಯೊಂದನ್ನು ಎತ್ತಿ, ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಮಾಳ್‌ಶೇಜ್ ಘಾಟ್‌ನಲ್ಲಿ ಬಿಟ್ಟರು. ಅದು ಹೆದ್ದಾರಿ, ರೈಲುಹಳಿ ದಾಟಿಕೊಂಡು ಸುಮಾರು 120 ಕಿ.ಮೀ. ನಡೆದು ಮುಂಬಯಿ ಪಕ್ಕದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಸೇರಿತು. ಬಿಟ್ಟ ಜಾಗದಲ್ಲೇ ಇರುತ್ತದೆ ಅನ್ನುವುದು ನಮ್ಮ ಆಸೆ ಮಾತ್ರ. ಕೇಂದ್ರ ಪರಿಸರ ಸಚಿವಾಲಯ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಚಿರತೆ ಕಂಡಿತು ಎಂಬ ಕಾರಣಕ್ಕೇ ಹಿಡಿದು ಸಾಗಿಸಬೇಡಿ ಅನ್ನುತ್ತದೆ.

ಇತ್ತ ಖಾಲಿಯಾದ ಜಾಗ ಖಾಲಿಯಾಗಿ ಉಳಿಯುತ್ತದೆಯೇ? ಗಡಿಯಾಚೆ ಕಾದಿರುವ ಪ್ರಾಯದ ಗಂಡು ಚಿರತೆ ಕೆಲವು ವಾರ, ತಿಂಗಳಲ್ಲಿ ಬಂದು ಸೇರಿಕೊಳ್ಳುತ್ತದೆ. ಹಳೆಯದಕ್ಕೆ ನಿಮ್ಮ ಊರಿನ ಲಯ ಗೊತ್ತಿತ್ತು: ಹಾಲಿನ ವ್ಯಾನ್ ಎಷ್ಟೊತ್ತಿಗೆ ಬರುತ್ತದೆ, ಮೋಟಾರ್ ಹಾಕಲು ಯಾರು ಯಾವಾಗ ತೋಟಕ್ಕೆ ಬರುತ್ತಾರೆ, ಎಲ್ಲಿಂದ ತಪ್ಪಿಸಿಕೊಂಡು ಹೋಗಬೇಕು. ಹೊಸದಕ್ಕೆ ಅದೇನೂ ಗೊತ್ತಿರುವುದಿಲ್ಲ. ಒಂದು ವೇಳೆ ಬೋನಿಗೆ ಬಿದ್ದದ್ದು ಮರಿಗಳ ತಾಯಿಯಾಗಿದ್ದರೆ, ಅರ್ಧ ಬೆಳೆದ, ಬೇಟೆ ಕಲಿಯದ ಮರಿಗಳು ನಿಮ್ಮ ಕೋಳಿಗೂಡಿನ ಸುತ್ತ ಉಳಿಯುತ್ತವೆ. ಇದು ಎಲ್ಲಕ್ಕಿಂತ ಕೆಟ್ಟದ್ದು.

ಹಾಗಾದರೆ ಬೋನು ಯಾವಾಗ? ಮನುಷ್ಯರ ಮೇಲೆ ಬಿದ್ದರೆ, ಹಗಲು ಹೊತ್ತಿನಲ್ಲಿ ಜನ ಕಂಡರೂ ಹೆದರದೆ ಮತ್ತೆ ಮತ್ತೆ ಹತ್ತಿರ ಬಂದರೆ, ಮನೆಯೊಳಗೆ ನುಗ್ಗಿದರೆ, ಗಾಯಗೊಂಡು ಒಂದೇ ಕಡೆ ಬಿದ್ದಿದ್ದರೆ. ಆಗ ತಡ ಮಾಡಬೇಡಿ. ಹಿಡಿಯುವ ಅನುಮತಿ ಕೊಡುವ ಅಧಿಕಾರ ವನ್ಯಜೀವಿ ಕಾಯ್ದೆಯ ಪ್ರಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರದ್ದು. ವಲಯ ಅರಣ್ಯಾಧಿಕಾರಿ ಮೂಲಕ ಕೇಳಬೇಕು.

ಬಂದೂಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿರತೆ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯ, ಎಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿ. ಕೊಂದರೆ 3ರಿಂದ 7 ವರ್ಷ ಜೈಲು. ಅದಕ್ಕಿಂತ ಮುಖ್ಯ, ಕತ್ತಲಲ್ಲಿ ಹಾರಿಸಿ ಗಾಯಗೊಳಿಸಿದ ಚಿರತೆ ಊರಿಗೆಲ್ಲ ಕಂಟಕ. ಬೇಲಿಗೆ ಕರೆಂಟ್ ಕೊಡುವವರೂ ಇದ್ದಾರೆ. ದಯವಿಟ್ಟು ಆ ಸಲಹೆ ಕೊಟ್ಟವರ ಮಾತು ಕೇಳಬೇಡಿ, ಅಪರಾತ್ರಿ ಮೋಟಾರ್ ಹಾಕಲು ಬಂದ ಪಕ್ಕದ ತೋಟದವರೇ ಅದಕ್ಕೆ ಸಿಕ್ಕಿ ಸಾಯಬಹುದು. ಕಾಡುಹಂದಿಗೆ ಅಂತ ಬೇಲಿಯಲ್ಲಿ ಉರುಳು ಹಾಕುವುದು ನಿಮ್ಮ ಸುತ್ತಮುತ್ತ ಇದ್ದರೆ ಅದನ್ನೂ ತೆಗೆಸಿ. ಸೊಂಟಕ್ಕೆ ತಂತಿ ಬಿಗಿದು ಒದ್ದಾಡುವ ಚಿರತೆಯ ಹತ್ತಿರ ಹೋದವರು ಪೆಟ್ಟು ತಿಂದೇ ತಿನ್ನುತ್ತಾರೆ. ಹಗಲಲ್ಲಿ ಎಲ್ಲಾದರೂ ಚಿರತೆ ಕಂಡರೆ ಊರೆಲ್ಲ ಸೇರಿ ಪಟಾಕಿ ಹೊಡೆದು ಸುತ್ತುವರಿಯುವುದೂ ಅಷ್ಟೇ ಅಪಾಯ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ಬಂದಾಗ ಅದನ್ನು ಹಿಡಿಯುವ ಹೊತ್ತಿನಲ್ಲಿ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರೂ ಗಾಯಗೊಂಡರು. ಅನುಭವ ಇದ್ದವರಿಗೇ ಹಾಗಾಗುತ್ತದೆ. ಕತ್ತಲಾಗುವವರೆಗೆ ದಾರಿ ಬಿಟ್ಟರೆ ಬಹುಪಾಲು ಅದಾಗಿಯೇ ಹೋಗುತ್ತದೆ.

ಈಗ ಅಂಗಳ. ಇನ್ನೊಂದು ನಾಯಿ ಸಾಕುವುದಾದರೆ ಸಾಕಿ, ಆದರೆ ರಾತ್ರಿ ಸರಪಳಿ ಹಾಕಿ ಹೊರಗೆ ಕಟ್ಟಬೇಡಿ. ಕಟ್ಟಿದ ನಾಯಿಗೆ ಓಡಲೂ ಆಗದು, ಅವಿತುಕೊಳ್ಳಲೂ ಆಗದು, ಬೊಗಳಿ ಬೊಗಳಿ ತಾನಿರುವ ಜಾಗವನ್ನು ಗುಡ್ಡಕ್ಕೆಲ್ಲ ಹೇಳುತ್ತದೆ. ಮನೆಯೊಳಗೆ ಬಿಟ್ಟುಕೊಳ್ಳಿ, ಆಗದಿದ್ದರೆ ಮೂರು ಕಡೆ ಇಟ್ಟಿಗೆ ಗೋಡೆ, ಮೇಲೆ ಚಾವಣಿ, ಮುಂದೆ ಕಬ್ಬಿಣದ ಬಾಗಿಲು ಇರುವ ಗೂಡು ಕಟ್ಟಿಸಿ. ಬಾಗಿಲಿಗೆ ಬರೀ ಸರಳು ಸಾಲದು, ಒತ್ತಾದ ಜಾಲರಿ ಹೊಡೆಸಬೇಕು. ಚಿರತೆ ಸರಳಿನ ಸಂದಿಯಲ್ಲಿ ಕೈ ಹಾಕಿ ಎಳೆಯುತ್ತದೆ. ಕೊಟ್ಟಿಗೆಗೂ ಕೋಳಿಗೂಡಿಗೂ ಇದೇ ಮಾತು, ಮುಖ್ಯವಾಗಿ ಮೇಲ್ಭಾಗ ಮುಚ್ಚಿರಬೇಕು. ಆರಡಿ ಕಾಂಪೌಂಡು ಹತ್ತುವುದು ಚಿರತೆಗೆ ಕಷ್ಟವೇ ಅಲ್ಲ, ಆದ್ದರಿಂದ ಕಾಂಪೌಂಡಿಗೆ ದುಡ್ಡು ಸುರಿಯುವ ಬದಲು ಕೊಟ್ಟಿಗೆಗೆ ಹಾಕಿ. ಹಸು ಕರು ಹಾಕಿದರೆ ಕರುವನ್ನು ಯಾವ ಕಾರಣಕ್ಕೂ ಹೊರಗೆ ಕಟ್ಟಬೇಡಿ.

ಮನೆಯ ಸುತ್ತ ಮೂವತ್ತು ಅಡಿಯಷ್ಟು ಪೊದೆ, ಎತ್ತರದ ಹುಲ್ಲು ಇರದಂತೆ ಸವರಿ. ಅಂಗಳಕ್ಕೆ, ಕೊಟ್ಟಿಗೆ ಬಾಗಿಲಿಗೆ ದೀಪ ಹಾಕಿಸಿ. ಬೀದಿದೀಪ ಕೆಟ್ಟಿದ್ದರೆ ಪಂಚಾಯಿತಿಯ ಬೆನ್ನು ಹತ್ತಿ. ಕೋಳಿ ಅಂಗಡಿಯವರು ರಸ್ತೆ ಬದಿ ಕರುಳು, ಪುಕ್ಕ ಸುರಿದು ಹೋಗುತ್ತಾರಲ್ಲ, ಅದನ್ನು ನಿಲ್ಲಿಸುವುದಕ್ಕೆ ಊರಿನವರು ಅರ್ಜಿ ಹಿಡಿದು ಓಡಾಡಿದರೆ ನಾನೇ ಮೊದಲ ಸಹಿ ಹಾಕುತ್ತೇನೆ. ಆ ಕಸಕ್ಕೆ ನಾಯಿ ಸೇರುತ್ತವೆ, ನಾಯಿಗೆ ಚಿರತೆ ಬರುತ್ತದೆ.

ಮೊಮ್ಮಗ ಬಂದಾಗ ಒಂದೇ ನಿಯಮ: ಸಂಜೆ ದೀಪ ಹಚ್ಚುವ ಹೊತ್ತಿನಿಂದ ಬೆಳಕು ಹರಿಯುವವರೆಗೆ ಹುಡುಗ ಒಬ್ಬನೇ ಹೊರಗೆ ಕಾಲಿಡಬಾರದು, ಅಂಗಳಕ್ಕೂ. ಹಗಲು ಮಾವಿನ ತೋಪಿನಲ್ಲಿ ಆಡಲಿ, ದೊಡ್ಡವರೊಬ್ಬರು ಕಣ್ಣಳತೆಯಲ್ಲಿ ಇರಿ. ಸೆಕೆ ಅಂತ ಜಗಲಿಯಲ್ಲಿ, ಅಂಗಳದ ಮಂಚದಲ್ಲಿ ಮಲಗುವ ಅಭ್ಯಾಸ ನಿಮಗಿದ್ದರೆ ಅದು ಬೇಡ. ಬಗ್ಗಿ ಕೂತ ಮನುಷ್ಯ ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣಬಹುದು, ಹಾಗಾಗಿ ಕತ್ತಲಲ್ಲಿ ಹೊರಗೆ ಕೂತು ಪಾತ್ರೆ ತೊಳೆಯುವುದು, ಬಯಲಿಗೆ ಹೋಗುವುದು ಯಾವುದೂ ಬೇಡ. ಎದುರಾದರೆ ಓಡಬೇಡಿ, ಕೂರಬೇಡಿ. ನೆಟ್ಟಗೆ ನಿಂತು, ಕೈ ಮೇಲೆತ್ತಿ, ಗಟ್ಟಿಯಾಗಿ ಮಾತಾಡುತ್ತ, ಬೆನ್ನು ತೋರಿಸದೆ ಹಿಂದೆ ಹಿಂದೆ ಸರಿಯಿರಿ.

ವಾಕಿಂಗ್ ಮತ್ತೆ ಶುರು ಮಾಡಿ. ಆದರೆ ಐದಕ್ಕಲ್ಲ, ಪೂರ್ತಿ ಬೆಳಕಾದ ಮೇಲೆ. ಇದನ್ನು ಹೇಳುವುದು ಚಿರತೆಗಿಂತ ಕರಡಿಗಾಗಿ. ನಿಮ್ಮ ಪತ್ರದಲ್ಲಿ ಕರಡಿಯ ಸುದ್ದಿ ಇಲ್ಲ, ಆದರೆ ದೇವರಾಯನದುರ್ಗದಲ್ಲಿ ಕರಡಿ ಇವೆ. ಮಧುಗಿರಿ ಕಡೆಯ ತಿಮ್ಲಾಪುರ ವನ್ಯಧಾಮದಲ್ಲೂ ಇವೆ. ಕರಡಿಗೆ ಮೂಗು ಚುರುಕು, ಕಣ್ಣು ಮಂದ. ಗೆದ್ದಲು ಹುತ್ತ ಅಗೆಯುತ್ತಲೋ ಹಲಸಿನ ಹಣ್ಣು ತಿನ್ನುತ್ತಲೋ ಇದ್ದಾಗ ನೀವು ಸದ್ದಿಲ್ಲದೆ ಹತ್ತಿರ ಹೋದರೆ ಅದು ಗಾಬರಿಯಿಂದ ಮೇಲೆರಗುತ್ತದೆ, ಮುಖ, ತಲೆಗೇ ಪೆಟ್ಟು. ಕೈಯಲ್ಲಿ ಕೋಲು, ಟಾರ್ಚ್ ಇರಲಿ, ಜೊತೆಗೆ ಯಾರಾದರೂ ಇರಲಿ, ಮಾತಾಡುತ್ತ ಹೋಗಿ. ಒಬ್ಬರೇ ಆದರೆ ಮೊಬೈಲಿನಲ್ಲಿ ಹಾಡು ಹಾಕಿಕೊಳ್ಳಿ. ಸದ್ದು ಕೇಳಿದರೆ ಕರಡಿ ತಾನೇ ಸರಿದು ಹೋಗುತ್ತದೆ. ತೋಟದಲ್ಲಿ ಹಲಸಿದ್ದರೆ ಮಾಗುವ ಮೊದಲೇ ಕೀಳಿಸಿಬಿಡಿ.

ಇನ್ನು ಮೋಟಾರ್ ಶೆಡ್. ದೇಶದಲ್ಲಿ 2000ರಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಅಂತ ದೊಡ್ಡ ಅಧ್ಯಯನವೊಂದು ಅಂದಾಜು ಮಾಡಿದೆ. ಚಿರತೆಯಿಂದ ಸಾಯುವವರ ಸಂಖ್ಯೆ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಚಿರತೆಗೆ ಊರೆಲ್ಲ ಸೇರುತ್ತದೆ, ಹಾವಿಗೆ ‘ಹೋಗಲಿ ಬಿಡಿ’. ನಾಗರಹಾವು ದ್ವೇಷ ಇಟ್ಟುಕೊಂಡು ಮತ್ತೆ ಬಂತು ಅಂತ ನಿಮ್ಮ ಮನೆಯವರಿಗೆ ಯಾರಾದರೂ ಹೆದರಿಸಿದ್ದರೆ ಅದು ಸುಳ್ಳು. ಹಾವಿಗೆ ಅಂಥ ನೆನಪಿಲ್ಲ. ಅದು ಬಂದದ್ದು ಇಲಿಗೆ, ತಂಪಿಗೆ. ಬೆಳ್ಳುಳ್ಳಿ, ಫಿನಾಯಿಲ್, ಸುಣ್ಣ ಯಾವುದಕ್ಕೂ ಹಾವು ದೂರ ಹೋಗುವುದಿಲ್ಲ. ಶೆಡ್‌ನಲ್ಲಿ ಗೋಣಿಚೀಲ, ಹಳೇ ಪೈಪು ರಾಶಿ ಹಾಕಿದ್ದರೆ ತೆಗೆಸಿ, ಗೋಡೆ ಬುಡದ ಬಿಲ ಮುಚ್ಚಿಸಿ, ಹಿಂಡಿ, ಬೂಸಾ ಅಲ್ಲಿಡಬೇಡಿ. ಸ್ಟಾರ್ಟರ್ ಡಬ್ಬಿಗೆ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ. ತೆಂಗಿನ ಮಟ್ಟೆ, ಗರಿ, ಕಟ್ಟಿಗೆ ರಾಶಿ ಮನೆಗೆ ತಾಗಿ ಇರಬಾರದು. ಮಂಡಲದ ಹಾವಿಗೆ ಅದೇ ಮನೆ, ಬಣ್ಣವೂ ಒಣಗರಿಯದ್ದೇ. ಬಂಡೆ ಸಂದಿಯಲ್ಲಿ ಗರಗಸ ಮಂಡಲ ಇರುತ್ತದೆ. ತೋಟಕ್ಕೆ ಗಂಬೂಟು ಹಾಕಿಕೊಂಡೇ ಹೋಗಿ. ಕಟ್ಟುಹಾವು ರಾತ್ರಿ ಮನೆಯೊಳಗೇ ಬರುತ್ತದೆ, ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ, ಕಡಿದದ್ದು ಗೊತ್ತೇ ಆಗದಿರಬಹುದು. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ಬೆಳಗಿನ ಜಾವ ಕಾರಣವಿಲ್ಲದೆ ಹೊಟ್ಟೆನೋವು, ರೆಪ್ಪೆ ಎತ್ತಲಾಗದಷ್ಟು ಭಾರ ಅಂದರೆ ಗಾಯ ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಕಡಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ನಾಟಿ ಔಷಧಿ ಅಂತ ಒಂದು ಗಂಟೆ ಕಳೆಯಬೇಡಿ. ಕೈಯೋ ಕಾಲೋ ಮೂಳೆ ಮುರಿದವರಿಗೆ ಮಾಡುವ ಹಾಗೆ ಅಲ್ಲಾಡದಂತೆ ಪಟ್ಟಿ ಇಟ್ಟು, ನಡೆಸದೆ, 108ಕ್ಕೆ ಫೋನ್ ಮಾಡಿ. ಹಾವನ್ನು ಹಿಡಿದು ತರಬೇಕಿಲ್ಲ. ನಮ್ಮಲ್ಲಿ ಕೊಡುವ ಎಎಸ್‌ವಿ, ಎಂದರೆ ಹಾವಿನ ವಿಷ ಇಳಿಸುವ ಚುಚ್ಚುಮದ್ದು, ನಾಗರ, ಮಂಡಲ, ಗರಗಸ ಮಂಡಲ, ಕಟ್ಟುಹಾವು ಈ ನಾಲ್ಕೂ ಹಾವಿನ ವಿಷಕ್ಕೆ ಒಂದೇ. ವೈದ್ಯರು ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ವಾಲಿಸಿ ನೋಡುತ್ತಾರೆ, ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆ ಅಂತ ಅರ್ಥ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಎಸ್‌ವಿ ಇದೆಯೇ, ರಾತ್ರಿ ವೈದ್ಯರು ಇರುತ್ತಾರೆಯೇ ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಇಲ್ಲವಾದರೆ ನೇರ ತುಮಕೂರು ಜಿಲ್ಲಾ ಆಸ್ಪತ್ರೆ.

ನಿಮ್ಮ ಮಗನ ಮಾತಿನಲ್ಲಿ ನಾನು ಒಪ್ಪುವುದು ಇದೊಂದೇ: ರಾತ್ರಿ ಹೊತ್ತು ಇಬ್ಬರಲ್ಲಿ ಒಬ್ಬರಿಗೆ ಏನಾದರೂ ಆದರೆ ಗಾಡಿ ಓಡಿಸುವವರು ಯಾರು? ಅದಕ್ಕೆ ಉತ್ತರ ಹುಡುಕಿ. ಊರಿನ ಆಟೋದವರ, ಕಾರಿರುವ ಹುಡುಗರ ನಂಬರ್ ಗೋಡೆಗೆ ಬರೆದು ಅಂಟಿಸಿ. ಅದು ಗಟ್ಟಿಯಾದರೆ ಮಗನಿಗೂ ಸಮಾಧಾನವಾಗುತ್ತದೆ.

ಅರ್ಜಿಯ ಬದಲು ನೀವೇ ಒಂದು ಪತ್ರ ಬರೆದು ವಲಯ ಅರಣ್ಯಾಧಿಕಾರಿ ಕಚೇರಿಗೆ ಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಚಿರತೆ ಕಂಡ ದಿನಾಂಕ, ಸಮಯ, ನಾಯಿ ಹೋದ ದಿನ, ಹೆಜ್ಜೆಗುರುತಿನ ಫೋಟೊ, ವಿಡಿಯೋ ಸೇರಿಸಿ. ರಾತ್ರಿ ಗಸ್ತು ಮತ್ತು ಊರಿನಲ್ಲಿ ಒಂದು ತಿಳಿವಳಿಕೆ ಸಭೆ ಕೇಳಿ, ಆ ಸಭೆಗೆ ಅರ್ಜಿ ಹಿಡಿದಿರುವ ನಿಮ್ಮ ಪಕ್ಕದ ತೋಟದವರನ್ನೂ ಕರೆದುಕೊಂಡು ಹೋಗಿ. ಮುಂದೆ ಯಾರದಾದರೂ ಹಸು, ಕುರಿ, ಮೇಕೆ ಸತ್ತರೆ ಕಳೇಬರ ಎಳೆದು ಹಾಕದೆ ಹಾಗೇ ಬಿಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಸಿಬ್ಬಂದಿಯ ಮಹಜರು, ಪಶುವೈದ್ಯರ ಪ್ರಮಾಣಪತ್ರ ಇದ್ದರೆ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಇ-ಪರಿಹಾರದಲ್ಲಿ ಪರಿಹಾರ ಸಿಗುತ್ತದೆ. ಬೇಸಿಗೆಯಲ್ಲಿ ಹುಲ್ಲಿನ ಮೆದೆ ಕದಲಿಸುವಾಗಲೋ ಕಬ್ಬು ಕಡಿಯುವಾಗಲೋ ಚಿರತೆಯ ಪುಟ್ಟ ಮರಿಗಳು ಕಂಡರೆ ಕೈಗೆತ್ತಿಕೊಂಡು ಫೋಟೊ ತೆಗೆಸಿಕೊಳ್ಳಬೇಡಿ ಅಂತ ಆಳುಗಳಿಗೆ ಈಗಲೇ ಹೇಳಿಟ್ಟಿರಿ. ಕೆಲಸ ನಿಲ್ಲಿಸಿ, ಎಲ್ಲರೂ ದೂರ ಸರಿದು ಇಲಾಖೆಗೆ ತಿಳಿಸಿ. ರಾತ್ರಿ ಜನ ಇಲ್ಲದ ಹೊತ್ತಿನಲ್ಲಿ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ.